ಗಿಡ್ಡ ಸ್ಕ್ರೂಡ್ರೈವರಿನ ಹನ್ನೊಂದು ದಿನ

ಉಜ್ಜನಪ್ಪ ಬಸ್ಸು ಹತ್ತಿದನೆಂದರೆ ಮೊದಲು ಸೀಟು ನೋಡುವುದಿಲ್ಲ, ಸದ್ದು ಹುಡುಕುತ್ತಾನೆ. ದಾವಣಗೆರೆಯಿಂದ ಹರಿಹರದ ಕಡೆ ಹೋಗುವ ಬಸ್ಸುಗಳಲ್ಲಿ ಸದ್ದಿಗೇನು ಬರವೇ? ಕಿಟಕಿಯ ಗಾಜು, ಸೀಟಿನ ಬೋಲ್ಟು, ಡ್ರೈವರನ ತಲೆಯ ಮೇಲಿನ ತಗಡಿನ ಪೆಟ್ಟಿಗೆ ಎಲ್ಲವೂ ಸೇರಿ ಭಜನೆಗೆ ಕೂತಿರುತ್ತವೆ. ಅದೆಲ್ಲ ಅವನಿಗೆ ಲೆಕ್ಕಕ್ಕಿಲ್ಲ. ಆ ಗದ್ದಲದ ನಡುವೆ ಬಿಟ್ಟು ಬಿಟ್ಟು, ಕಬ್ಬಿಣಕ್ಕೆ ಕಬ್ಬಿಣ ತಾಗಿದಂತೆ ಸಣ್ಣದೊಂದು ‘ಟಕ್’ ಕೇಳಿತೋ, ಮುಗಿಯಿತು. ಜೇಬಿನಲ್ಲಿ ಸದಾ ಇರುವ ರಟ್ಟಿನ ಚೂರುಗಳಲ್ಲಿ ಒಂದನ್ನು ತೆಗೆದು, ಹೆಂಗಸರ ಸೀಟಿನ ಸಂದಿಯಾದರೂ ಸರಿ, ಬಗ್ಗಿ ತುರುಕಿ, ಬೈಸಿಕೊಂಡು ಬರುತ್ತಾನೆ. ವಿನೋಬನಗರದ ಮನೆಯಲ್ಲೂ ಇದೇ ಪಾಡು. ಮಿಕ್ಸಿಯ ಕೆಳಗೆ ರಟ್ಟು, ಫ್ಯಾನಿನ ಬುಡಕ್ಕೆ ಬಟ್ಟೆ, ಬಾಗಿಲ ಚಿಲಕಕ್ಕೆ ದಾರ. ಹೆಂಡತಿ ಕಸ್ತೂರಮ್ಮ ಮೊದಮೊದಲು ನಕ್ಕಳು, ಆಮೇಲೆ ಬೈದಳು, ಈಗ ತಾನೇ ರಟ್ಟು ಕತ್ತರಿಸಿ ಡಬ್ಬಿಯಲ್ಲಿ ತುಂಬಿಡುತ್ತಾಳೆ. ಸಂಸಾರ ಅಂದರೆ ಇಷ್ಟೇ ತಾನೆ.

ಅವನು ಇಪ್ಪತ್ತು ವರ್ಷ ವಾಯುಸೇನೆಯಲ್ಲಿದ್ದವನು. ಹಾಗೆಂದ ಕೂಡಲೇ ಓಣಿಯ ಜನ ವಿಮಾನ ಹಾರಿಸಿದವನೆಂದೇ ತಿಳಿದುಬಿಡುತ್ತಾರೆ. ಅವನು ಹಾರಿಸಿದವನಲ್ಲ, ಹಾರುವವರಿಗೆ ವಿಮಾನ ಸಿದ್ಧ ಮಾಡಿಕೊಟ್ಟವನು. ನೆಲದಲ್ಲಿ ನಿಂತು ಮುಚ್ಚಳ ಬಿಗಿದು, ಎಣ್ಣೆ ನೋಡಿ, ಪೈಲಟ್ ಸಾಹೇಬರನ್ನು ಸೀಟಿಗೆ ಪಟ್ಟಿ ಕಟ್ಟಿ ಕೂರಿಸಿ, ಏಣಿ ತೆಗೆದು ಹಿಂದೆ ಸರಿಯುವ ಕೆಲಸ. ಈಗ ಗುತ್ತೂರಿನ ಹತ್ತಿರದ ಒಂದು ಮೆಷಿನ್ ಶಾಪಿನಲ್ಲಿ ಸಾಮಾನು ಕೋಣೆಯ ಉಸ್ತುವಾರಿ. ಅಲ್ಲಿ ಗೋಡೆಗೆ ಒಂದು ಹಲಗೆ ಹೊಡೆಸಿ, ಪ್ರತಿ ಪಾನಾ, ಸುತ್ತಿಗೆ, ಇಕ್ಕಳದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆಸಿದ್ದಾನೆ. ಸಾಮಾನು ತೆಗೆದರೆ ಅದರ ಕರಿ ನೆರಳು ಹಲಗೆಯ ಮೇಲೆ ಕಾಣುತ್ತದೆ. ಸಂಜೆ ಒಂದು ನೆರಳು ಖಾಲಿ ಉಳಿದರೂ ಯಾರೂ ಮನೆಗೆ ಹೋಗುವ ಹಾಗಿಲ್ಲ. ಲೇತ್ ನಡೆಸುವ ಗೌಸ್ ಪೀರ್ ಒಮ್ಮೆ, ಇದೇನು ಸಾಹೇಬ್ರೇ ನಾವು ತಯಾರು ಮಾಡೋದು ನಟ್ಟು ಬೋಲ್ಟು, ರಾಕೆಟ್ಟಲ್ಲ ಎಂದು ಗೊಣಗಿದ್ದ. ಉಜ್ಜನಪ್ಪ ಆ ಒಂದು ವಿಷಯಕ್ಕೆ ಮಾತ್ರ ನಗಲಿಲ್ಲ.

ಮಿಕ್ಕ ಎಲ್ಲದಕ್ಕೂ ನಗುತ್ತಿದ್ದ. ಚಹಾದ ಹೊತ್ತಿಗೆ ಅವನ ಸುತ್ತ ಜನ ಕೂಡುತ್ತಿದ್ದದ್ದೇ ಅವನ ಕಥೆಗಳಿಗೆ. ವಿಮಾನದ ಬಾಲದ ಮೇಲೆ ನಂಬರು ಬರೆಯುವವನು ಅರವತ್ತಾರರ ಅಚ್ಚನ್ನು ತಲೆಕೆಳಗು ಹಿಡಿದು, ಒಂದೇ ಸಾಲಿನಲ್ಲಿ ಎರಡು ತೊಂಬತ್ತೊಂಬತ್ತು ನಿಲ್ಲಿಸಿದ್ದು. ಮಧ್ಯಾಹ್ನದ ಬಿಸಿಲಿಗೆ ಸೋತ ಒಬ್ಬ ತಂಪಾಗಿದೆಯೆಂದು ಇಂಜಿನ್ನಿನ ಗಾಳಿ ಬಾಯಿಯೊಳಗೆ ಮಲಗಿ ಗೊರಕೆ ಹೊಡೆದದ್ದು, ತಪಾಸಣೆಗೆ ಬಂದ ದೊಡ್ಡ ಸಾಹೇಬರು ಇಂಜಿನ್ನೇ ಕೆಟ್ಟಿದೆಯೆಂದು ಬರೆಯಲು ಹೊರಟದ್ದು. ಹೊಸಬನೊಬ್ಬ ಪಾತ್ರೆ ಉಜ್ಜುವ ಪುಡಿಯಿಂದ ಪೈಲಟ್ಟಿನ ಗಾಜು ತಿಕ್ಕಿ ಮಂಜು ಹಿಡಿಸಿದ್ದು. ಯಾರ ಎಡವಟ್ಟನ್ನೂ ಅವನು ಬಿಟ್ಟವನಲ್ಲ. ಸೇನೆಯಲ್ಲಿದ್ದಾಗಲೂ ಅಷ್ಟೆ. ಬೆಳಿಗ್ಗೆ ಒಬ್ಬ ಜಾರಿ ಬಿದ್ದರೆ ಸಂಜೆ ಮೆಸ್ಸಿನಲ್ಲಿ ಉಜ್ಜನಪ್ಪ ಅದನ್ನು ಆಡಿ ತೋರಿಸುತ್ತಿದ್ದ, ಬಿದ್ದವನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ, ಒಳಗೊಳಗೇ ಸಾಯುತ್ತಿದ್ದ. ಒಂದೇ ಒಂದು ಎಡವಟ್ಟಿನ ಕಥೆ ಮಾತ್ರ ಅವನ ಬಾಯಿಂದ ಇಪ್ಪತ್ತೆರಡು ವರ್ಷವಾದರೂ ಬಂದಿರಲಿಲ್ಲ. ಕಸ್ತೂರಮ್ಮನಿಗೂ ಗೊತ್ತಿರಲಿಲ್ಲ.

ಆ ಕಥೆಯನ್ನು ಹುಡುಕಿಕೊಂಡು ಒಂದು ಭಾನುವಾರ ಬೆಳಿಗ್ಗೆ ಅವನ ಮನೆ ಬಾಗಿಲಿಗೇ ಒಬ್ಬ ಹುಡುಗಿ ಬಂದಳು. ಹೆಸರು ಚೈತ್ರಾ, ನಂದಿಗುಡಿಯ ಮಾಲತೇಶನ ಮಗಳು. ಮಾಲತೇಶ ಸೇನೆಯಲ್ಲಿ ಉಜ್ಜನಪ್ಪನ ಕೈಕೆಳಗಿದ್ದವನು. ಪ್ರತಿ ಯುಗಾದಿಗೂ ಹೊಸ ಅಕ್ಕಿಯ ಒಂದು ಚೀಲವನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದ. ಉಜ್ಜನಪ್ಪ ಆ ಅಕ್ಕಿಯ ಅನ್ನವನ್ನು ಒಂದು ದಿನವೂ ಉಂಡವನಲ್ಲ. ಹಾಗೇ ಅಕ್ಕಪಕ್ಕದ ಮನೆಗೆ ಹಂಚಿಬಿಡುತ್ತಿದ್ದ.

ಹುಡುಗಿ ಕೂರುವ ಮೊದಲೇ ಬಂದ ಕೆಲಸ ಹೇಳಿದಳು. ವಾಯುಸೇನೆಗೆ ಅಗ್ನಿವೀರಳಾಗಿ ಆಯ್ಕೆಯಾಗಿದ್ದಾಳೆ. ಹದಿನೆಂಟು ತುಂಬಲು ಇನ್ನೂ ನಾಲ್ಕು ತಿಂಗಳಿದೆ, ಹಾಗಾಗಿ ಅಪ್ಪನ ಒಪ್ಪಿಗೆಯ ಸಹಿ ಬೇಕು. ಕಾಗದ ನಾಳೆಯೇ ಕೊಡಬೇಕು. ಅಪ್ಪ ಪೆನ್ನು ಮುಟ್ಟುತ್ತಿಲ್ಲ. ಅಪ್ಪನ ಮಾತು ಮೀರಿ ಅವ್ವನೂ ಸಹಿ ಹಾಕುವವಳಲ್ಲ.

“ನಮ್ಮ ಮನಿ ಕೈ ವಿಮಾನ ಮುಟ್ಟಬಾರ್ದು ಅಂತಾನೆ ದೊಡ್ಡಪ್ಪಾ. ನನ್ನ ಕೈಯಿಂದ ಒಬ್ರು ಸತ್ತಾರೆ, ನಿನ್ನ ಕೈಯಿಂದ ಬ್ಯಾಡ ಅಂತಾನೆ. ನೀವು ಹೇಳಿದ್ರೆ ಕೇಳ್ತಾನೆ. ನಿಮ್ಮನ್ನ ದೇವರು ಅಂದ್ಕೊಂಡಾನೆ.”

ಉಜ್ಜನಪ್ಪ ನೀರು ಕುಡಿಯಲು ಲೋಟ ಎತ್ತಿದ್ದವನು ಹಾಗೇ ಕೆಳಗಿಟ್ಟ. ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸೇನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಉಲ್ಲನ್ ಕಾಲುಚೀಲದೊಳಗೆ ಅದು ಇತ್ತು. ಹೆಬ್ಬೆರಳಿನಷ್ಟುದ್ದದ ಒಂದು ಗಿಡ್ಡ ಸ್ಕ್ರೂಡ್ರೈವರು.

ನಡೆದದ್ದು ಇಷ್ಟು. ಪಶ್ಚಿಮದ ಗಡಿಯ ಕಡೆಯ ಒಂದು ನೆಲೆ, ಡಿಸೆಂಬರಿನ ಕೊನೆ, ಮೂಳೆ ಕೊರೆಯುವ ಚಳಿ. ವಿಮಾನದ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ನೇಮವಿದೆ. ಕೆಲಸ ಮುಗಿದ ಮೇಲೆ ಪೆಟ್ಟಿಗೆಯ ಸಾಮಾನನ್ನು ಎಣಿಸಬೇಕು. ಒಂದು ಕಡಿಮೆ ಬಂದರೂ ವಿಮಾನ ಹಾರುವಂತಿಲ್ಲ. ಒಳಗೆಲ್ಲೋ ಬಿದ್ದ ಒಂದು ಸಣ್ಣ ಕಬ್ಬಿಣ ಮೇಲೆ ಹೋದಾಗ ಉರುಳಿ, ತಂತಿಗೋ ವಿಮಾನ ತಿರುಗಿಸುವ ಸನ್ನೆಕೋಲಿಗೋ ಸಿಕ್ಕಿಕೊಂಡರೆ ಪೈಲಟ್ ಸತ್ತಂತೆಯೇ. ಆ ಸಂಜೆ ಎಣಿಕೆಯಲ್ಲಿ ಒಂದು ಕಡಿಮೆ ಬಂತು. ಪೆಟ್ಟಿಗೆ ಮಾಲತೇಶನ ಹೆಸರಿನಲ್ಲಿತ್ತು. ಮೂರು ದಿನ ಮೂರು-ಒಂದು-ಏಳು ಎಂಬ ಆ ವಿಮಾನದ ಕರುಳನ್ನೆಲ್ಲ ಬಿಚ್ಚಿ ಹುಡುಕಿದರು. ಸಿಗಲಿಲ್ಲ. ಒಳಗೆ ಇಲ್ಲವೆಂದು ಬರೆದು ವಿಮಾನವನ್ನು ಹಾರಾಟಕ್ಕೆ ಕೊಟ್ಟರು. ಮಾಲತೇಶನಿಗೆ ಇಪ್ಪತ್ತೆಂಟು ದಿನದ ಶಿಕ್ಷೆಯಾಯಿತು. ಪಾಪದ ಹುಡುಗ, ಸ್ವಲ್ಪ ಕರುಣೆ ತೋರಿಸಿ ಎಂದು ಉಜ್ಜನಪ್ಪನೇ ಸಾಹೇಬರ ಮುಂದೆ ಹೇಳಿದ್ದರಿಂದ ಅಷ್ಟಕ್ಕೇ ನಿಂತಿತು. ಅದೇ ಉಜ್ಜನಪ್ಪ ಮೆಸ್ಸಿನಲ್ಲಿ, ಹುಡುಗ ವಿಮಾನದ ಹೊಟ್ಟೆಯೊಳಗೆ ತಲೆ ಹಾಕಿ ಕಣ್ಣೀರಿಡುತ್ತ ಹುಡುಕಿದ್ದನ್ನು ಆಡಿ ತೋರಿಸಿ ನಲವತ್ತು ಜನರನ್ನು ನಗಿಸಿದ. ಮೂರು-ಒಂದು-ಏಳಕ್ಕೆ ‘ಸ್ಕ್ರೂಡ್ರೈವರ್ ವಿಮಾನ’ ಎಂದು ಹೆಸರಿಟ್ಟವನೂ ಅವನೇ. ಹೆಸರು ಪೈಲಟ್ಟುಗಳ ಕೋಣೆಯವರೆಗೂ ಹೋಯಿತು. ಬರೆದುಕೊಟ್ಟ ಕಾಗದ ಏನಾದರೂ ಹೇಳಲಿ, ಅದು ಒಳಗೇ ಎಲ್ಲೋ ಇದೆಯೆಂದು ಎಲ್ಲರೂ ನಂಬಿದರು.

ಜನವರಿ ಒಂಬತ್ತರಂದು, ಹರಿದ ಜೇಬು ಹೊಲಿಯಲೆಂದು ಉಜ್ಜನಪ್ಪ ತನ್ನ ದಪ್ಪ ಜಾಕೆಟ್ಟನ್ನು ಮಂಚದ ಮೇಲೆ ಹರವಿದ. ಕೆಳಗಿನ ಅಂಚಿನಲ್ಲಿ ಏನೋ ಭಾರ ಸಿಕ್ಕಿತು. ಅಸ್ತರಿನೊಳಗೆ ಕೈ ಹಾಕಿದರೆ ಗಿಡ್ಡ ಸ್ಕ್ರೂಡ್ರೈವರು. ಆಗ ನೆನಪಾಯಿತು: ಆ ದಿನ ಒಂದು ಮುಚ್ಚಳ ಬಿಗಿಯಲು ಹುಡುಗನ ಪೆಟ್ಟಿಗೆಯಿಂದ ಹೇಳದೆ ತೆಗೆದುಕೊಂಡಿದ್ದ, ಕೈ ಮರಗಟ್ಟಿತೆಂದು ಜೇಬಿಗೆ ಹಾಕಿದ್ದ. ಜೇಬು ತೂತಾಗಿತ್ತು.

ಎದ್ದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಶಿಕ್ಷೆಯೇನೂ ಗಲ್ಲಲ್ಲ. ಆದರೆ ನಾಳೆ ಮೆಸ್ಸಿನಲ್ಲಿ ಆಡಿ ತೋರಿಸುವವರು ಬೇರೆಯವರಾಗುತ್ತಿದ್ದರು, ನಡುವೆ ನಿಲ್ಲುವವನು ತಾನಾಗುತ್ತಿದ್ದ. ಊರಿಗೆಲ್ಲ ಹೆಸರಿಟ್ಟವನಿಗೆ ತನಗೊಂದು ಹೆಸರು ಬೀಳುವುದೆಂದರೆ ಜೀವ ಹೋದಂತೆ. ಅವನು ಒಂದು ಉಪಾಯ ಮಾಡಿದ. ವಿಮಾನ ನಿಲ್ಲಿಸುವ ಹ್ಯಾಂಗರಿನ ಪಕ್ಕದ ಹುಲ್ಲಿಗೆ ಎಸೆದರೆ ಯಾರಿಗೋ ಸಿಗುತ್ತದೆ, ಎಲ್ಲರ ತಲೆಬಿಸಿ ಹೋಗುತ್ತದೆ. ದಿನಾ ಅದನ್ನು ಒಳ್ಳೆಯ ಜೇಬಿನಲ್ಲಿಟ್ಟುಕೊಂಡು ಹೋದ. ದಿನಾ ಯಾರೋ ಎದುರಾದರು, ಯಾರೋ ನೋಡುತ್ತಿದ್ದಂತೆ ಅನಿಸಿತು, ನಾಳೆ ಎಂದುಕೊಂಡು ತಿರುಗಿ ಬಂದ. ಹೀಗೆ ಹನ್ನೊಂದು ದಿನ.

ಹನ್ನೊಂದನೆಯ ದಿನ ಮೂರು-ಒಂದು-ಏಳಕ್ಕೆ ಒಬ್ಬ ಎಳೆಯ ಪೈಲಟ್ ಸಾಹೇಬ ಬಂದ. ಇಪ್ಪತ್ತಾರು ವರ್ಷ, ನಕ್ಕರೆ ಗಲ್ಲದಲ್ಲಿ ಗುಳಿ. ಏಣಿಯ ಮೇಲೆ ನಿಂತು ಉಜ್ಜನಪ್ಪ ಅವನ ಹೆಗಲಿನ ಪಟ್ಟಿ ಬಿಗಿಯಲು ಬಗ್ಗಿದಾಗ ಜೇಬಿನಲ್ಲಿದ್ದದ್ದು ಕಬ್ಬಿಣದ ಅಂಚಿಗೆ ತಾಗಿ ಟಕ್ ಎಂದಿತು. ಏನದು ಎಂದು ಸಾಹೇಬ ಕೇಳಿದ. ಕೀ ಗೊಂಚಲು ಸಾರ್ ಎಂದು ಉಜ್ಜನಪ್ಪ ಹೇಳಿದ. ನಿಮ್ಮ ಸ್ಕ್ರೂಡ್ರೈವರ್ ಎಲ್ಲಿ ಕೂತಿದೆಯೋ ಇವತ್ತು ನೋಡಿಬಿಡೋಣ ಎಂದು ಸಾಹೇಬ ನಕ್ಕು ಗಾಜು ಮುಚ್ಚಿಕೊಂಡ. ಇಪ್ಪತ್ತು ನಿಮಿಷಕ್ಕೆ ಇಳಿಯಲು ಬರುತ್ತ ರೇಡಿಯೋದಲ್ಲಿ, ಕೆಳಗೆ ಏನೋ ಬಡಿಯುತ್ತಿದೆ, ಸ್ಕ್ರೂಡ್ರೈವರ್ ಇರಬೇಕು, ಸನ್ನೆಕೋಲು ಹಿಡಿದಂತಾಗುತ್ತಿದೆ, ಸೀಟು ಸಮೇತ ಹೊರಗೆ ಹಾರಿಕೊಳ್ಳುತ್ತೇನೆ ಎಂದ. ಅವನು ಹಾರಿಕೊಂಡಾಗ ನೆಲ ತೀರಾ ಹತ್ತಿರವಿತ್ತು. ಪ್ಯಾರಾಚೂಟಿನ ಛತ್ರಿ ಬಿಚ್ಚಲಿಲ್ಲ.

ಬಡಿದದ್ದು ಯಾವುದೋ ಸಡಿಲ ಮುಚ್ಚಳವಿರಬಹುದು. ಅಂಥ ಸದ್ದು ಹತ್ತು ವಿಮಾನಗಳಲ್ಲಿ ಹತ್ತು ಸಲ ಬರುತ್ತದೆ, ಪೈಲಟ್ಟುಗಳು ಬೈದುಕೊಂಡು ಇಳಿಸುತ್ತಾರೆ. ಆ ಹುಡುಗನೂ ಇಳಿಸುತ್ತಿದ್ದನೋ ಏನೋ, ಸ್ಕ್ರೂಡ್ರೈವರಿನ ಆ ಮಾತು ತಲೆಯಲ್ಲಿ ಕೂತಿರದಿದ್ದರೆ. ಸುಟ್ಟ ಅವಶೇಷದಲ್ಲಿ ಸ್ಕ್ರೂಡ್ರೈವರು ಸಿಗಲಿಲ್ಲ. ಕಾರಣ ಖಚಿತವಿಲ್ಲ ಎಂದು ವಿಚಾರಣೆಯವರು ಬರೆದರು. ಮಾಲತೇಶನಿಗೆ ಮಾತ್ರ ಖಚಿತವಿತ್ತು. ಎರಡು ವರ್ಷಕ್ಕೆ ಕೆಲಸ ಬಿಡಿಸಿಕೊಂಡು ನಂದಿಗುಡಿಗೆ ಬಂದು ಗದ್ದೆಗಿಳಿದ.

ಕೋಣೆಯಿಂದ ಹೊರಬಂದ ಗಂಡನ ಮುಖವನ್ನು ಕಸ್ತೂರಮ್ಮ ಒಮ್ಮೆ ನೋಡಿದಳು. ತಿಂಡಿಯಾದರೂ ತಿಂದು ಹೋಗಿ ಎಂದಳು. ಅವನು ಹುಡುಗಿಯನ್ನು ಕರೆದುಕೊಂಡು ಬರಿಹೊಟ್ಟೆಯಲ್ಲೇ ಹೊರಟ.

ಬಸ್ಸಿನಲ್ಲಿ ಚೈತ್ರಾ ಕಿಟಕಿ ಪಕ್ಕ ಕೂತು ಏನೇನೋ ಕೇಳುತ್ತಿದ್ದಳು. ಇಂಜಿನ್ ಬಿಚ್ಚೋದು ಹೆಣ್ಣುಮಕ್ಕಳಿಗೂ ಕೊಡ್ತಾರಾ, ಮೊದಲ ದಿನ ಏನು ಮಾಡಿಸ್ತಾರೆ. ಎಣಿಸೋದು ಕಲಿಸ್ತಾರೆ ಎಂದು ಉಜ್ಜನಪ್ಪ ಹೇಳಿದ. ಅವನ ಗಮನ ಬೇರೆ ಕಡೆ ಇತ್ತು. ಹರಿಹರ ದಾಟುವಷ್ಟರಲ್ಲಿ ಅವನು ಕಥೆಯನ್ನು ಕತ್ತರಿಸಿ ಹೊಲಿದು ಮುಗಿಸಿದ್ದ. ಸ್ಕ್ರೂಡ್ರೈವರು ತನ್ನ ಬಳಿ ಇತ್ತೆಂದು ಹೇಳಬೇಕು, ಬೇರೆ ದಾರಿಯಿಲ್ಲ; ಅದಿಲ್ಲದೆ ಮಾಲತೇಶ ಸಹಿ ಹಾಕುವುದಿಲ್ಲ. ಆದರೆ ಸಿಕ್ಕಿದ್ದು ಯಾವಾಗ ಎನ್ನುವುದು ಯಾರಿಗೆ ಗೊತ್ತು? ಅಪಘಾತದ ತಿಂಗಳ ನಂತರ ಸಿಕ್ಕಿತೆಂದರೆ ಅದು ಬರೀ ಮರೆವು. ಮರೆವಿಗೆ ಯಾರನ್ನಾದರೂ ಬೈಯಬಹುದು, ದ್ವೇಷಿಸಲು ಆಗುವುದಿಲ್ಲ. ಹುಡುಗಿಗೆ ಬೇಕಾದ ಸಹಿಗೆ ಅಷ್ಟು ಸಾಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಬಿಡುತ್ತದೆಯೇ?

ಮಾಲತೇಶ ಗದ್ದೆಗೆ ನೀರು ಕಟ್ಟಿ ಆಗ ತಾನೇ ಮನೆಗೆ ಬಂದಿದ್ದ. ನಲವತ್ತಾರಕ್ಕೇ ತಲೆ ಪೂರ್ತಿ ಬೆಳ್ಳಗಾಗಿತ್ತು. ಉಜ್ಜನಪ್ಪನನ್ನು ಕಂಡು ಕೆಸರುಗಾಲಲ್ಲೇ ಓಡಿ ಬಂದು ಕೈ ಹಿಡಿದುಕೊಂಡ. ಇಪ್ಪತ್ತು ವರ್ಷದಿಂದ ಕರೆದರೂ ಬಾರದ ಅಣ್ಣ ಬಂದಿದ್ದಾನೆಂದು ಹೆಂಡತಿ ಭುವನೇಶ್ವರಿಗೆ ಕೂಗಿ ಹೇಳಿ, ಚಾಪೆ ಹಾಸಿಸಿ, ಮಗಳ ಕಡೆ ಮಾತ್ರ ನೋಡದೆ ಕೂತ. ಯಾಕೆ ಬಂದಿದ್ದಾನೆಂದು ಅವನಿಗೂ ತಿಳಿದಿತ್ತು.

“ಅಣ್ಣಾ, ನೀವು ಬಂದಿದ್ದು ಭಾಳ ಸಂತೋಷ. ಸಹಿ ಒಂದು ಕೇಳಬ್ಯಾಡ್ರಿ.”

ಉಜ್ಜನಪ್ಪ ಕಾಲುಚೀಲದಿಂದ ತೆಗೆದು ಅದನ್ನು ಚಾಪೆಯ ಮೇಲಿಟ್ಟ.

ಮಾಲತೇಶ ಮುಟ್ಟಲಿಲ್ಲ. ಬಗ್ಗಿ ನೋಡಿದ. ಹಿಡಿಯ ಮೇಲೆ ಕೆತ್ತಿದ ಪೆಟ್ಟಿಗೆಯ ನಂಬರನ್ನು ಬಾಯಲ್ಲೇ ಓದಿಕೊಂಡ. ಆ ನಂಬರು ಅವನಿಗೆ ತನ್ನ ಹುಟ್ಟಿದ ತಾರೀಕಿಗಿಂತ ಚೆನ್ನಾಗಿ ನೆನಪಿತ್ತು. ಉಜ್ಜನಪ್ಪ ನೆಲ ನೋಡುತ್ತ ಹೇಳಿದ: ನಾನೇ ತಗೊಂಡಿದ್ದೆ, ತೂತು ಜೇಬಿನಿಂದ ಅಸ್ತರಿನೊಳಗೆ ಇಳಿದಿತ್ತು, ಅಪಘಾತವಾಗಿ ತಿಂಗಳಾದ ಮೇಲೆ ಜಾಕೆಟ್ ಹೊಲಿಯುವಾಗ ಸಿಕ್ಕಿತು, ಹೇಳಲು ಧೈರ್ಯ ಬರಲಿಲ್ಲ.

“ಹಂಗಾದ್ರೆ ಇದು ವಿಮಾನದಾಗ ಇರ್ಲೇ ಇಲ್ಲ,” ಎಂದ ಮಾಲತೇಶ.

“ಇರ್ಲಿಲ್ಲ ತಮ್ಮಾ.”

“ನಾನು ಕೊಂದಿಲ್ಲ.”

“ಇಲ್ಲ.”

ಮಾಲತೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಗಂಡಸರು ಅಳುವಾಗ ಕೆಮ್ಮಿದಂತೆ ಮಾಡಿ ಮುಚ್ಚಿಕೊಳ್ಳುತ್ತಾರಲ್ಲ, ಹಾಗೆ ಅಲ್ಲ; ಇಪ್ಪತ್ತೆರಡು ವರ್ಷದ ಅಳು, ಮಕ್ಕಳಂತೆ ದನಿ ತೆಗೆದು ಅತ್ತ. ಭುವನೇಶ್ವರಿ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅತ್ತು ಮುಗಿದ ಮೇಲೆ ಅವನು ಮಗಳ ಕೈಯಿಂದ ಕಾಗದ ಇಸಿದುಕೊಂಡು, ಮೊಣಕಾಲ ಮೇಲಿಟ್ಟು, ಕೆಸರು ಬೆರಳಲ್ಲೇ ಸಹಿ ಹಾಕಿದ. ಆಮೇಲೆ ಯಾರೂ ತಡೆಯುವ ಮೊದಲೇ ಬಗ್ಗಿ ಉಜ್ಜನಪ್ಪನ ಪಾದ ಮುಟ್ಟಿದ. ಸಿಟ್ಟಿಲ್ಲ ಅಣ್ಣ, ಮರೆವು ಮನುಷ್ಯನಿಗಲ್ಲದೆ ಮರಕ್ಕೆ ಬರುತ್ತದೆಯೇ, ಇಷ್ಟು ವರ್ಷ ನೀವೂ ಒಬ್ಬರೇ ಹೊತ್ತಿರಲ್ಲ ಎಂದ. ಉಜ್ಜನಪ್ಪನಿಗೆ ಪಾದದ ಮೇಲೆ ಕೆಂಡ ಇಟ್ಟಂತಾಯಿತು.

ಮಾಲತೇಶ ಒಳಗೆ ಹೋಗಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಹಳೆಯ ಕಾಗದ ತಂದ. ಊರಿಗೆ ಬಂದ ವರ್ಷವೇ ಅವನು ಆ ಪೈಲಟ್ ಸಾಹೇಬನ ತಾಯಿಗೆ ಪತ್ರ ಬರೆದಿದ್ದನಂತೆ, ನಿಮ್ಮ ಮಗ ಹೋಗಿದ್ದು ನನ್ನಿಂದ ಎಂದು. ಆಕೆ ಹಿಂದಿಯಲ್ಲಿ ಉತ್ತರ ಬರೆದಿದ್ದಳು. ಆ ತಾಯಿಯೂ ಕೊರೊನಾದಲ್ಲಿ ತೀರಿಕೊಂಡಳೆಂದು ಆಮೇಲೆ ಗೊತ್ತಾಯಿತಂತೆ. ಅವನು ಕಾಗದವನ್ನು ನೋಡದೆಯೇ ಕನ್ನಡದಲ್ಲಿ ಹೇಳಿದ: ಮಗನೇ, ಈ ತಪ್ಪು ಮಾಡಿದ್ದು ನಿನ್ನ ಕೈ, ನಿನ್ನ ಮನಸ್ಸಲ್ಲ. ನಾನು ನಿನ್ನನ್ನು ಕ್ಷಮಿಸಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

“ಇದನ್ನ ಓದಿಕೊಂಡೇ ಬದುಕೀನಿ ಅಣ್ಣಾ. ಇನ್ನು ನನಗೆ ಬ್ಯಾಡ. ಇದು ನಿಮಗೆ ಬರಬೇಕಾಗಿದ್ದ ಕಾಗದ, ತಗೋರಿ,” ಎಂದು ಉಜ್ಜನಪ್ಪನ ಕೈಯಲ್ಲಿಟ್ಟು ಬೆರಳು ಮಡಚಿದ.

ಊಟ ಬಡಿಸಿದರು. ಹೊಸ ಅಕ್ಕಿಯ ಅನ್ನ, ಹುರುಳಿಕಟ್ಟಿನ ಸಾರು. ಎಲ್ಲ ಮುಗಿದಿತ್ತು. ಸಹಿ ಬಿದ್ದಿತ್ತು, ಹುಡುಗಿಯ ದಾರಿ ತೆರೆದಿತ್ತು, ಮಾಲತೇಶ ವರ್ಷಗಳ ನಂತರ ಎರಡನೇ ಸಲ ಅನ್ನ ಹಾಕಿಸಿಕೊಂಡನೆಂದು ಭುವನೇಶ್ವರಿ ಹೇಳುತ್ತಿದ್ದಳು. ಉಜ್ಜನಪ್ಪ ತುತ್ತು ಕಲಸುತ್ತಿದ್ದ. ಎಡಗೈಯಲ್ಲಿ ಆ ಕಾಗದವಿತ್ತು.

ಚೈತ್ರಾ ಸ್ಕ್ರೂಡ್ರೈವರನ್ನು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದಳು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, ಬಸ್ಸಿನಲ್ಲಿ ಕೇಳಿದ ಹಾಗೆಯೇ ಕೇಳಿದಳು: “ದೊಡ್ಡಪ್ಪಾ, ಇದು ಇಷ್ಟು ಭಾರ ಐತೆ. ದಿನಾ ಅದೇ ಜಾಕೆಟ್ ಹಾಕ್ಕೊಂತಿದ್ದಿರಬೇಕು. ಅಂಚಿನಾಗ ಜೋತಾಡಿದ್ದು ನಿಮಗೆ ಗೊತ್ತಾಗ್ಲಿಲ್ಲೇನು?”

ಗೊತ್ತಾಗಲಿಲ್ಲಮ್ಮ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಹೇಳಿದ್ದರೆ ಹುಡುಗಿ ಹೌದೆನ್ನುತ್ತಿದ್ದಳು. ಅವನು ಬಾಯಿ ತೆರೆದ. ಈ ಮಗು ತರಬೇತಿ ಮುಗಿಸಿ ಏಣಿ ಹತ್ತಿ ಯಾರದೋ ಹೆಗಲಿಗೆ ಪಟ್ಟಿ ಬಿಗಿಯುತ್ತಾಳೆ ಎನ್ನುವುದು ಹೊಳೆದು ಅವನಿಗೆ ಭಯವಾಯಿತು, ತನ್ನ ಬಗೆಗಿನ ಭಯವಲ್ಲ.

“ಗೊತ್ತಾಗಿತ್ತು,” ಎಂದ. “ಒಂಬತ್ತನೇ ತಾರೀಕಿಗೇ ಸಿಕ್ಕಿತ್ತು. ಸಾಹೇಬ ಸತ್ತಿದ್ದು ಇಪ್ಪತ್ತಕ್ಕೆ. ಹನ್ನೊಂದು ದಿನ ನನ್ನ ಹತ್ರನೇ ಇತ್ತು. ಆ ದಿನ ಅವನಿಗೆ ಪಟ್ಟಿ ಕಟ್ಟುವಾಗ್ಲೂ ನನ್ನ ಜೇಬಿನಾಗೇ ಇತ್ತು.”

ಮಾಲತೇಶನ ಕೈ ತಟ್ಟೆಯಲ್ಲೇ ನಿಂತಿತು. ಹಿತ್ತಲಿನಲ್ಲಿ ಒಂದು ಎಮ್ಮೆ ಗೂಟ ಜಗ್ಗುತ್ತಿತ್ತು.

“ಯಾಕ ಹೇಳ್ಲಿಲ್ಲ?” ಎಂದು ಮಾಲತೇಶ ಕೊನೆಗೆ ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ತಿಳಿಯಬೇಕಾಗಿತ್ತು ಅವನಿಗೆ.

ಉಜ್ಜನಪ್ಪ ಎಷ್ಟೋ ಕಾರಣ ಹುಡುಕಿದ. ಬಡ್ತಿ, ಹೆಂಡತಿ, ಶಿಕ್ಷೆ. ಸುಳ್ಳಿಗಾದರೂ ಯಾವುದೂ ಒದಗಲಿಲ್ಲ.

“ನಗ್ತಾರೆ ಅಂತ,” ಎಂದ.

ಮಾಲತೇಶ ಎದ್ದು ಹೋಗಿ ಹಿತ್ತಲಲ್ಲಿ ಕೈ ತೊಳೆದು ಬಂದ. ಮಗಳ ಕೈಯಲ್ಲಿದ್ದ ಒಪ್ಪಿಗೆಯ ಕಾಗದವನ್ನು ಒಮ್ಮೆ ನೋಡಿದ, ತನ್ನ ಸಹಿ ಅಲ್ಲೇ ಇದೆಯೇ ಎನ್ನುವಂತೆ. ಅದನ್ನು ಹರಿಯಲಿಲ್ಲ. ಹೋಗು ಎಂದ. ಅಲ್ಲಿ ಸಾಮಾನು ಕಳೆದರೆ ಕೂಗು, ಸಿಕ್ಕರೂ ಕೂಗು, ಯಾರು ನಕ್ಕರೂ ಕೂಗು ಎಂದ. ಹುಡುಗಿ ತಲೆಯಾಡಿಸಿದಳು. ಅವಳು ಉಜ್ಜನಪ್ಪನನ್ನು ನೋಡುತ್ತಿರಲಿಲ್ಲ.

ಆಮೇಲೆ ಮಾಲತೇಶ ಅವನ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಎಡಗೈಯ ಬೆರಳುಗಳನ್ನು ಒಂದೊಂದಾಗಿ, ನೋವಾಗದ ಹಾಗೆ ಬಿಡಿಸಿ, ಆ ತಾಯಿಯ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡ.

“ಇದು ಕೈ ಮಾಡಿದ ತಪ್ಪಿಗೆ ಬರೆದಿದ್ದು ಅಣ್ಣಾ,” ಎಂದ. “ನಿಮ್ಮದಲ್ಲ.”